ಲೋಹದ ಅಯಾನುಗಳು ಮತ್ತು ಆಕಾರ ಹಿಡಿಯದ ಪ್ರೋಟೀನುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರ, ಕುಮಟಾ, ಶಿರಸಿ ಕಡೆ ಜೀವರಸಾಯನಶಾಸ್ತ್ರ ಓದುವವರು, ಕಲಿಸುವವರು, ಮನೆಯಲ್ಲಿ ಪಾರ್ಕಿನ್ಸನ್ ಆದ ಹಿರಿಯರನ್ನು ನೋಡಿಕೊಳ್ಳುವವರು ಕೇಳುತ್ತಲೇ ಇರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಕೆಲವಕ್ಕೆ ಒಂದೆರಡು ಸಾಲು ಸಾಕು. ಕೆಲವನ್ನು ಬಿಡಿಸಿ ಹೇಳದಿದ್ದರೆ ತಪ್ಪು ತಿಳಿವಳಿಕೆ ಉಳಿದುಬಿಡುತ್ತದೆ.

ಆಕಾರವೇ ಇಲ್ಲದ ಪ್ರೋಟೀನ್ ಅಂದರೆ ಏನು? ಪಠ್ಯಪುಸ್ತಕದಲ್ಲಿ ಆಕಾರವೇ ಮುಖ್ಯ ಅಂತ ಇದೆಯಲ್ಲ?

ಪಠ್ಯಪುಸ್ತಕ ಹೇಳುವುದು ಸರಿ, ಆದರೆ ಅರ್ಧ ಮಾತ್ರ. ಅಮೈನೊ ಆಮ್ಲಗಳ ಸರಪಳಿ ತಾನಾಗಿ ಮಡಚಿಕೊಂಡು ಒಂದು ನಿಶ್ಚಿತ ಆಕಾರಕ್ಕೆ ಬರುತ್ತದೆ, ಆ ಆಕಾರದಿಂದಲೇ ಅದರ ಕೆಲಸ ನಡೆಯುತ್ತದೆ ಎಂಬ ತಿಳಿವಳಿಕೆಗೆ ಗಟ್ಟಿ ಬುನಾದಿ ಹಾಕಿದವರು ಆನ್‌ಫಿನ್ಸನ್. ಅವರಿಗೆ 1972ರಲ್ಲಿ ನೊಬೆಲ್ ಬಂತು. ಸರಪಳಿಯ ಪ್ರತಿ ಕೊಂಡಿ ಯಾವ ಯಾವ ಕೋನಗಳಲ್ಲಿ ತಿರುಗಬಹುದು ಎಂಬ ನಕ್ಷೆಯನ್ನು ಅದಕ್ಕೂ ಮೊದಲೇ, 1963ರಲ್ಲಿ, ನಮ್ಮ ಜಿ.ಎನ್. ರಾಮಚಂದ್ರನ್ ಮತ್ತು ಸಂಗಡಿಗರು ಮದ್ರಾಸಿನಲ್ಲಿ ಕೊಟ್ಟಿದ್ದರು. ರಾಮಚಂದ್ರನ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಲ್ಲೊಂದು ವಿಭಾಗವನ್ನೇ ಕಟ್ಟಿದರು.

ಇನ್ನರ್ಧ ಸ್ಪಷ್ಟವಾದದ್ದು 1990ರ ದಶಕದ ಕೊನೆಗೆ. ಮನುಷ್ಯರ ಪ್ರೋಟೀನುಗಳಲ್ಲಿ ಸುಮಾರು ಮೂರನೇ ಒಂದು ಭಾಗದಲ್ಲಿ ನಿಶ್ಚಿತ ಆಕಾರಕ್ಕೆ ಬಾರದ ಉದ್ದನೆಯ ತುಂಡುಗಳಿವೆ. ಕೆಲವು ಪ್ರೋಟೀನುಗಳಂತೂ ತಲೆಯಿಂದ ಬಾಲದವರೆಗೆ ಹಾಗೆಯೇ. ಕಾರಣ ಅವುಗಳ ಅಮೈನೊ ಆಮ್ಲಗಳಲ್ಲಿದೆ. ನೀರಿನಿಂದ ದೂರ ಸರಿದು ಒಳಗೆ ಗುಂಪುಗಟ್ಟುವ ಲ್ಯೂಸಿನ್, ಐಸೊಲ್ಯೂಸಿನ್, ಟ್ರಿಪ್ಟೊಫಾನ್‌ಗಳು ಇವುಗಳಲ್ಲಿ ಕಡಿಮೆ; ವಿದ್ಯುದಾವೇಶ ಹೊತ್ತ ಗ್ಲುಟಮೇಟ್, ಲೈಸಿನ್, ಜೊತೆಗೆ ಮಡಿಕೆಗೆ ಬಗ್ಗದ ಪ್ರೋಲಿನ್ ಹೆಚ್ಚು. ಒಳಗೆ ತಿರುಳು ಕಟ್ಟಿಕೊಳ್ಳುವುದೇ ಇಲ್ಲ. ಸರಪಳಿ ಕ್ಷಣಕ್ಕೊಂದು ಭಂಗಿಯಲ್ಲಿ ಓಲಾಡುತ್ತಿರುತ್ತದೆ.

ನೀರಲ್ಲಿ ಬಿಟ್ಟ ರಂಪಣಿ ಬಲೆ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಅದಕ್ಕೆ ಒಂದೇ ಆಕಾರ ಅಂತಿಲ್ಲ, ಹಾಗಂತ ಅದು ಹರಿದ ಬಲೆಯೂ ಅಲ್ಲ. ಎಲ್ಲಿ ಹಿಡಿದು ಎಳೆದರೆ ಹೇಗೆ ಕೂಡಿಕೊಳ್ಳುತ್ತದೆ ಎಂಬುದು ಅದರ ಹೆಣಿಗೆಯಲ್ಲೇ ಇದೆ.

ಹಾಗಾದರೆ ಇದು ಕೆಟ್ಟುಹೋದ ಪ್ರೋಟೀನ್ ಅಲ್ಲವೇ?

ಅಲ್ಲ. ಮೊಟ್ಟೆ ಬೇಯಿಸಿದಾಗ ಆಗುವುದು ಆಕಾರವಿದ್ದ ಪ್ರೋಟೀನ್ ಆಕಾರ ಕಳೆದುಕೊಳ್ಳುವುದು. ಇವು ಮೊದಲಿನಿಂದಲೂ ಹೀಗೇ ಇರುವವು, ಹೀಗಿದ್ದೇ ಕೆಲಸ ಮಾಡುವವು. ಒಂದೇ ಪ್ರೋಟೀನ್ ಹತ್ತಾರು ಜೊತೆಗಾರರ ಜೊತೆ ಬೇರೆ ಬೇರೆ ರೀತಿಯಲ್ಲಿ ಕೂಡಿಕೊಳ್ಳಬೇಕಾದ ಕಡೆ ಈ ಸಡಿಲತನ ಬಹಳ ಉಪಯೋಗಕ್ಕೆ ಬರುತ್ತದೆ.

ಲೋಹದ ಅಯಾನು ಬಂದರೆ ಏನಾಗುತ್ತದೆ? ಪ್ರೋಟೀನ್ ತಕ್ಷಣ ಮಡಚಿಕೊಳ್ಳುತ್ತದೆಯೇ?

ಅಯಾನು ಅಂದರೆ ವಿದ್ಯುದಾವೇಶ ಹೊತ್ತ ಪರಮಾಣು. ಹೆಚ್ಚಿನವರು ಎಡವುವುದು ಇಲ್ಲೇ. ಲೋಹ ಬಂದಿತು, ಆಕಾರ ಬಂದಿತು ಎಂದು ಒಂದೇ ಗೆರೆಯಲ್ಲಿ ಬರೆದುಬಿಡುತ್ತಾರೆ. ನಿಜವಾಗಿ ಆಗುವುದು ಹಲವು ಬಗೆ.

ಕೆಲವು ಪ್ರೋಟೀನುಗಳು ಪೂರ್ತಿ ಮಡಚಿಕೊಳ್ಳುತ್ತವೆ. 1985ರಲ್ಲಿ ಕಪ್ಪೆಯ ಮೊಟ್ಟೆಯ ಪ್ರೋಟೀನೊಂದರಲ್ಲಿ ಏರನ್ ಕ್ಲುಗ್ ತಂಡ ಗುರುತಿಸಿದ ಜಿಂಕ್ ಫಿಂಗರ್ ಹೀಗೆಯೇ. ಅದು ಸುಮಾರು 30 ಅಮೈನೊ ಆಮ್ಲಗಳ ಪುಟ್ಟ ತುಂಡು. ಎರಡು ಸಿಸ್ಟೀನ್, ಎರಡು ಹಿಸ್ಟಿಡಿನ್ ಸೇರಿ ಒಂದು ಸತುವಿನ ಅಯಾನನ್ನು ಹಿಡಿದರೆ ಗಟ್ಟಿ ಆಕಾರ. ಸತುವನ್ನು ಕಿತ್ತುಕೊಂಡರೆ ಮತ್ತೆ ಸಡಿಲ ದಾರ. ಅಷ್ಟು ಚಿಕ್ಕ ತುಂಡಿಗೆ ಸ್ವಂತ ತಿರುಳು ಕಟ್ಟಿಕೊಳ್ಳಲು ಆಗುವುದಿಲ್ಲ, ಸತುವೇ ಅದರ ತಿರುಳು.

ಇನ್ನು ಕೆಲವು ಕಡೆ ಅಯಾನು ಕೂತ ಜಾಗದಲ್ಲಷ್ಟೇ ಸರಪಳಿ ಬಾಗುತ್ತದೆ, ಉಳಿದದ್ದು ಹಾಗೇ ಓಲಾಡುತ್ತದೆ. ಮತ್ತೆ ಕೆಲವು ಕಡೆ ಇಡೀ ಸರಪಳಿ ಕುಗ್ಗುತ್ತದೆ, ಆದರೆ ಮಡಚಿಕೊಳ್ಳುವುದಿಲ್ಲ: ಋಣಾವೇಶಗಳು ಒಂದನ್ನೊಂದು ತಳ್ಳುತ್ತಿದ್ದಾಗ ಹರಡಿಕೊಂಡಿದ್ದದ್ದು, ಕ್ಯಾಲ್ಸಿಯಂ ಬಂದು ಆ ತಳ್ಳಾಟ ಕಡಿಮೆ ಮಾಡಿದ ಮೇಲೆ ಒತ್ತಾಗುತ್ತದೆ. ಒಂದೇ ಅಯಾನು ಎರಡು ಬೇರೆ ಸರಪಳಿಗಳಿಗೆ ಸೇತುವೆಯಾಗುವುದೂ ಉಂಟು; ಪ್ರೋಟೀನ್ ಗಂಟುಗಟ್ಟುವ ಕಥೆಗಳು ಹಲವು ಸಲ ಅಲ್ಲಿಂದ ಶುರುವಾಗುತ್ತವೆ. ಏನೂ ಆಗದೇ ಇರುವುದು ಕೂಡ ಫಲಿತಾಂಶವೇ.

ಆದ್ದರಿಂದ ಯಾರಾದರೂ ‘ತಾಮ್ರ ಪ್ರೋಟೀನಿನ ಆಕಾರ ಬದಲಿಸುತ್ತದೆ’ ಎಂದಾಗ ಕೇಳಬೇಕಾದ್ದು: ಯಾವ ಜಾಗದಲ್ಲಿ ಕೂರುತ್ತದೆ, ಎಷ್ಟು ಬಿಗಿಯಾಗಿ, ಆ ಪ್ರಮಾಣದ ತಾಮ್ರ ಜೀವಕೋಶದಲ್ಲಿ ಸಿಗುತ್ತದೆಯೇ? ಮುಂದಿನ ಉತ್ತರಗಳೆಲ್ಲ ಇದರ ಸುತ್ತಲೇ ಇವೆ.

ಯಾವ ಲೋಹಕ್ಕೆ ಯಾವ ಜಾಗ ಇಷ್ಟ?

ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ಆಮ್ಲಜನಕವನ್ನು ಹುಡುಕುತ್ತವೆ. ಆಸ್ಪಾರ್ಟೇಟ್, ಗ್ಲುಟಮೇಟ್, ಫಾಸ್ಫೇಟ್ ಅಂಟಿಸಿಕೊಂಡ ಸೆರಿನ್, ಇವು ಅವುಗಳ ಜಾಗ. ಸತು ಹಿಸ್ಟಿಡಿನ್ ಮತ್ತು ಸಿಸ್ಟೀನ್ ಕಡೆ ಹೋಗುತ್ತದೆ. ಎರಡು ಆವೇಶದ ತಾಮ್ರಕ್ಕೆ ಹಿಸ್ಟಿಡಿನ್ ಇಷ್ಟ, ಸರಪಳಿಯ ಮೊದಲ ತುದಿಯ ಅಮೈನೊ ಗುಂಪು ಕೂಡ ಇಷ್ಟ. ಮೂರು ಆವೇಶದ ಕಬ್ಬಿಣ ಮತ್ತೆ ಆಮ್ಲಜನಕದ ಕಡೆಯೇ.

ಬಿಗಿತದ ಕ್ರಮವನ್ನು 1953ರಲ್ಲಿ ಇರ್ವಿಂಗ್ ಮತ್ತು ವಿಲಿಯಮ್ಸ್ ಪಟ್ಟಿ ಮಾಡಿದರು: ಮ್ಯಾಂಗನೀಸ್, ಕಬ್ಬಿಣ, ಕೋಬಾಲ್ಟ್, ನಿಕ್ಕಲ್ ಎಂದು ಏರುತ್ತಾ ತಾಮ್ರದಲ್ಲಿ ತುದಿ ಮುಟ್ಟಿ, ಸತುವಿಗೆ ಸ್ವಲ್ಪ ಇಳಿಯುತ್ತದೆ. ತಾಮ್ರವನ್ನು ಜೀವಕೋಶ ಸ್ವತಂತ್ರವಾಗಿ ತಿರುಗಲು ಬಿಡದಿರುವುದಕ್ಕೆ ಇದೂ ಒಂದು ಕಾರಣ. ಬಿಟ್ಟರೆ ಉಳಿದ ಲೋಹಗಳ ಜಾಗವನ್ನೆಲ್ಲ ಅದೇ ಹಿಡಿದುಕೊಳ್ಳುತ್ತದೆ.

ಒಂದು ಸ್ಪಷ್ಟ ಉದಾಹರಣೆ ಕೊಡಿ.

ನಾಯಿಕೆಮ್ಮು ತರುವ ಬ್ಯಾಕ್ಟೀರಿಯಾದ್ದು. ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಇಷ್ಟು ಅಂದವಾದ ಉದಾಹರಣೆ ಮತ್ತೊಂದಿಲ್ಲ.

ಆ ಬ್ಯಾಕ್ಟೀರಿಯಾ ಹೊರಬಿಡುವ ವಿಷಗಳಲ್ಲಿ ಒಂದು 1706 ಅಮೈನೊ ಆಮ್ಲಗಳ ಉದ್ದನೆಯ ಪ್ರೋಟೀನ್. ಅದರ ಕೊನೆಯ ಭಾಗದಲ್ಲಿ ಒಂಬತ್ತೊಂಬತ್ತು ಅಮೈನೊ ಆಮ್ಲಗಳ, ಗ್ಲೈಸಿನ್ ಮತ್ತು ಆಸ್ಪಾರ್ಟೇಟ್ ತುಂಬಿದ ತುಂಡುಗಳು ಸಾಲಾಗಿ ಮರುಕಳಿಸುತ್ತವೆ. ಬ್ಯಾಕ್ಟೀರಿಯಾದ ಒಳಗೆ ಸ್ವತಂತ್ರ ಕ್ಯಾಲ್ಸಿಯಂ ತೀರಾ ಕಡಿಮೆ, ಹಾಗಾಗಿ ಈ ಭಾಗ ಅಲ್ಲಿ ಬಿಚ್ಚಿದ ದಾರದಂತೆಯೇ ಇರುತ್ತದೆ. ಇರಲೇಬೇಕು, ಏಕೆಂದರೆ ಹೊರಗೆ ಹೋಗುವ ನಾಳ ಬಹಳ ಕಿರಿದು. ಮಡಚಿಕೊಂಡರೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಹೊರಗೆ, ನಮ್ಮ ದೇಹದ ದ್ರವದಲ್ಲಿ, ಕ್ಯಾಲ್ಸಿಯಂ ಮಿಲಿಮೋಲಾರ್ ಮಟ್ಟದಲ್ಲಿದೆ, ಅಂದರೆ ಒಳಗಿನದಕ್ಕಿಂತ ಸಾವಿರಾರು ಪಟ್ಟು. ದಾರದ ತುದಿ ಹೊರಗೆ ಬಂದ ಕೂಡಲೇ ಕ್ಯಾಲ್ಸಿಯಂ ಕೂತು ಆ ತುಂಡುಗಳು ಸುರುಳಿಯಾಗಿ ಬಿಗಿಯುತ್ತವೆ. ಬಿಗಿದದ್ದು ನಾಳದೊಳಕ್ಕೆ ಹಿಂದಕ್ಕೆ ಜಾರಲಾರದು. ಹಾಗಾಗಿ ಉಳಿದ ದಾರವೂ ಹೊರಗೆ ಬರಲು ಸಹಾಯವಾಗುತ್ತದೆ ಎಂಬುದು ಈಗಿನ ವಿವರಣೆ.

ಆಕಾರವಿಲ್ಲದಿರುವುದಕ್ಕೂ ಇಲ್ಲಿ ಕೆಲಸವಿದೆ, ಆಕಾರ ಬರುವುದಕ್ಕೂ ಕೆಲಸವಿದೆ. ನಡುವೆ ಸ್ವಿಚ್ ಒತ್ತುವುದು ಕ್ಯಾಲ್ಸಿಯಂ.

ದಿನನಿತ್ಯ ಕಣ್ಣಿಗೆ ಬೀಳುವ ಉದಾಹರಣೆ ಇದೆಯೇ?

ಹಾಲು. ಮಲೆನಾಡು ಗಿಡ್ಡದ್ದಾಗಲಿ, ಪ್ಯಾಕೆಟ್ಟಿನದಾಗಲಿ, ಹಸುವಿನ ಹಾಲಿನ ಪ್ರೋಟೀನಿನಲ್ಲಿ ಸುಮಾರು ನೂರಕ್ಕೆ ಎಂಬತ್ತು ಕೇಸಿನ್. ಕೇಸಿನ್‌ಗಳು ಆಕಾರ ಹಿಡಿಯದ ಪ್ರೋಟೀನುಗಳು. ಬೀಟಾ ಕೇಸಿನ್‌ನಲ್ಲಿ 209 ಅಮೈನೊ ಆಮ್ಲ, ಅದರಲ್ಲಿ ಐದು ಸೆರಿನ್‌ಗಳಿಗೆ ಫಾಸ್ಫೇಟ್ ಅಂಟಿಕೊಂಡಿದೆ. ಆ ಫಾಸ್ಫೇಟುಗಳು ಕ್ಯಾಲ್ಸಿಯಂ ಫಾಸ್ಫೇಟಿನ ನ್ಯಾನೊಮೀಟರ್ ಗಾತ್ರದ ಕಣಗಳನ್ನು ಸುತ್ತುವರಿದು, ಅವು ಬೆಳೆದು ಕಲ್ಲಾಗದಂತೆ ತಡೆಯುತ್ತವೆ. ಇಂಥ ಸಾವಿರಾರು ಸರಪಳಿಗಳು ಸೇರಿ 100ರಿಂದ 200 ನ್ಯಾನೊಮೀಟರಿನ ಉಂಡೆಗಳಾಗುತ್ತವೆ. ಕೆನೆ ತೆಗೆದ ಹಾಲೂ ಬೆಳ್ಳಗೆ ಕಾಣುವುದು ಆ ಉಂಡೆಗಳು ಬೆಳಕನ್ನು ಚದುರಿಸುವುದರಿಂದ. ಹಾಲಿನ ಕ್ಯಾಲ್ಸಿಯಂನಲ್ಲಿ ಸುಮಾರು ಮೂರನೇ ಎರಡು ಭಾಗ ಅವುಗಳ ಒಳಗಿದೆ.

ಗಮನಿಸಬೇಕಾದ್ದು ಇಷ್ಟು: ಇಷ್ಟೆಲ್ಲ ಕ್ಯಾಲ್ಸಿಯಂ ಹಿಡಿದುಕೊಂಡ ಮೇಲೂ ಕೇಸಿನ್ ಜಿಂಕ್ ಫಿಂಗರಿನಂತೆ ಗಟ್ಟಿ ಆಕಾರಕ್ಕೆ ಬರುವುದಿಲ್ಲ. ಉಂಡೆಯ ಒಳಗೂ ಅದು ಸಡಿಲವೇ. ಹುಳಿ ಬಿದ್ದರೆ ಕ್ಯಾಲ್ಸಿಯಂ ಫಾಸ್ಫೇಟ್ ಕರಗಿ ಹೊರಗೆ ಬರುತ್ತದೆ, ಪಿಎಚ್ 4.6ರ ಹತ್ತಿರ ಕೇಸಿನ್‌ನ ಒಟ್ಟು ಆವೇಶ ಸೊನ್ನೆಯಾಗಿ ಸರಪಳಿಗಳು ಒಂದಕ್ಕೊಂದು ಅಂಟುತ್ತವೆ. ಮುರುಗಲು ರಸ ಬಿದ್ದ ಹಾಲು ಒಡೆಯುವುದು, ಹೆಪ್ಪು ಹಾಕಿದ ಹಾಲು ಮೊಸರಾಗುವುದು, ಎರಡರ ಹಿಂದೆಯೂ ಇದೇ ರಸಾಯನ.

ಚಿಪ್ಪಿಕಲ್ಲಿನ ಚಿಪ್ಪು ಕೂಡ ಕ್ಯಾಲ್ಸಿಯಂ ಅಲ್ಲವೇ? ಅಲ್ಲೂ ಇಂಥ ಪ್ರೋಟೀನ್ ಇದೆಯೇ?

ಇದೆ. ಅಘನಾಶಿನಿ, ಕಾಳಿ ಅಳಿವೆಗಳಲ್ಲಿ ತೆಗೆಯುವ ಚಿಪ್ಪಿಕಲ್ಲುಗಳ ಚಿಪ್ಪು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಜೊತೆಗೆ ಸ್ವಲ್ಪವೇ ಸಾವಯವ ವಸ್ತು. ಚಿಪ್ಪುಜೀವಿಗಳ ಚಿಪ್ಪಿನ ಪ್ರೋಟೀನುಗಳಲ್ಲಿ ಬಹಳ ಆಮ್ಲೀಯವಾದ, ಆಕಾರ ಹಿಡಿಯದ ಒಂದು ಬಗೆ ಇದೆ. ಮುತ್ತಿನ ಸಿಂಪಿಯ ಆಸ್ಪೀನ್ ಎಂಬ ಪ್ರೋಟೀನಿನಲ್ಲಿ ನೂರಕ್ಕೆ ಸುಮಾರು ಅರವತ್ತು ಆಸ್ಪಾರ್ಟಿಕ್ ಆಮ್ಲವೇ. ಒಂದೊಂದು ಕ್ಯಾಲ್ಸಿಯಂ ಹಿಡಿತವೂ ದುರ್ಬಲ, ಆದರೆ ಜಾಗಗಳು ಬಹಳ. ಹರಳು ಎಲ್ಲಿ, ಯಾವ ಬಗೆಯಲ್ಲಿ ಬೆಳೆಯಬೇಕು ಎಂಬುದನ್ನು ಇಂಥವು ತಿದ್ದುತ್ತವೆ.

ಮೀನಿನ ವಯಸ್ಸು ತಿಳಿಯಲು ಅದರ ಕಿವಿಕಲ್ಲಿನ ಉಂಗುರ ಎಣಿಸುವವರಿಗೆ ಇನ್ನೂ ಹತ್ತಿರದ ಉದಾಹರಣೆ ಜೀಬ್ರಾಮೀನಿನ ಸ್ಟಾರ್‌ಮೇಕರ್ ಪ್ರೋಟೀನ್. ಅದೂ ಆಕಾರ ಹಿಡಿಯದ್ದು. ಮರಿಯಲ್ಲಿ ಅದನ್ನು ತಗ್ಗಿಸಿದರೆ ಕಿವಿಕಲ್ಲು ನಕ್ಷತ್ರದಂತೆ ಮೊನಚಾಗಿ ಬೆಳೆಯುತ್ತದೆ, ಹರಳಿನ ಬಗೆಯೂ ಅರಗೊನೈಟಿನಿಂದ ಕ್ಯಾಲ್ಸೈಟಿಗೆ ಬದಲಾಗುತ್ತದೆ.

ಬಂಗುಡೆ ತಿಂದರೆ ಅಲರ್ಜಿ ಆಗುವವರಿಗೂ ಇದಕ್ಕೂ ಸಂಬಂಧ ಉಂಟೇ?

ಮೀನಿನ ಮುಖ್ಯ ಅಲರ್ಜಿಕಾರಕ ಪಾರ್ವಾಲ್ಬುಮಿನ್ ಕ್ಯಾಲ್ಸಿಯಂ ಹಿಡಿಯುವ ಪ್ರೋಟೀನ್, ನಿಜ. ಆದರೆ ಅದು ಆಕಾರವಿರುವ ಪ್ರೋಟೀನ್. ಕ್ಯಾಲ್ಸಿಯಂ ಇದ್ದಾಗ ಎಷ್ಟು ಗಟ್ಟಿಯೆಂದರೆ ಬೇಯಿಸಿದರೂ ಅಲರ್ಜಿ ಹೋಗುವುದಿಲ್ಲ. ಅಲರ್ಜಿ ಇರುವವರು ಸಾರು ಚೆನ್ನಾಗಿ ಕುದಿಸಿದೆ ಎಂದು ತಿನ್ನುವ ಧೈರ್ಯ ಮಾಡಬೇಡಿ.

ಗಜನಿ ಗದ್ದೆಗೆ ಉಪ್ಪುನೀರು ನುಗ್ಗುತ್ತದೆ. ಸೋಡಿಯಂ ಕೂಡ ಪ್ರೋಟೀನಿಗೆ ಹೀಗೇ ಅಂಟುತ್ತದೆಯೇ?

ಸೋಡಿಯಂ, ಪೊಟ್ಯಾಸಿಯಂಗಳು ಇಂಥ ಪ್ರೋಟೀನುಗಳಲ್ಲಿ ಸಾಮಾನ್ಯವಾಗಿ ಒಂದು ಜಾಗ ಹಿಡಿದು ಕೂರುವುದಿಲ್ಲ. ಆವೇಶಗಳ ಸುತ್ತ ಮೋಡದಂತೆ ನೆರೆದು, ಅವುಗಳ ನಡುವಿನ ತಳ್ಳಾಟ ಎಳೆದಾಟ ಎರಡನ್ನೂ ಮಂಕು ಮಾಡುತ್ತವೆ. ಇದಕ್ಕೆ ಬೇಕಾದ ಪ್ರಮಾಣವೂ ದೊಡ್ಡದು. ಗಿಡಗಳಲ್ಲಿ ಬರ, ಉಪ್ಪು, ಚಳಿಯ ಒತ್ತಡ ಬಂದಾಗ ಹೆಚ್ಚುವ ಡಿಹೈಡ್ರಿನ್ ಎಂಬ ಪ್ರೋಟೀನುಗಳು ಆಕಾರ ಹಿಡಿಯದವು. ಅವುಗಳಲ್ಲಿ ಹಿಸ್ಟಿಡಿನ್ ಹೆಚ್ಚಿರುವ ಕೆಲವು ಸತು, ತಾಮ್ರಗಳನ್ನು ಹಿಡಿಯುತ್ತವೆ. ಮಾಣಿಕಟ್ಟಾದ ಕಗ್ಗ ಭತ್ತ ಉಪ್ಪು ತಡೆಯುವುದನ್ನು ಇದೊಂದರಿಂದಲೇ ವಿವರಿಸಲು ಹೋಗಬೇಡಿ. ಉಪ್ಪು ತಡೆಯುವ ಶಕ್ತಿಯಲ್ಲಿ ಬೇರಿನಿಂದ ಎಲೆಯವರೆಗೆ ಹತ್ತು ಸಂಗತಿ ಸೇರಿವೆ.

ಪಾರ್ಕಿನ್ಸನ್ ರೋಗದ ಪ್ರೋಟೀನಿನಲ್ಲಿ ಲೋಹದ ಪಾತ್ರ ಏನು?

ಆ ಪ್ರೋಟೀನ್ ಆಲ್ಫಾ ಸೈನುಕ್ಲೀನ್, 140 ಅಮೈನೊ ಆಮ್ಲ. ಮಿದುಳಿನ ನರಕೋಶಗಳ ತುದಿಗಳಲ್ಲಿ ಅದು ಎಲ್ಲರಲ್ಲೂ ಇರುತ್ತದೆ. ಪಾರ್ಕಿನ್ಸನ್‌ನಲ್ಲಿ ಅದು ಎಳೆಗಳಾಗಿ ಗಂಟುಗಟ್ಟಿ ಕೋಶದೊಳಗೆ ಶೇಖರವಾಗುತ್ತದೆ.

ಕ್ಯಾಲ್ಸಿಯಂ ಇದರ ಆಮ್ಲೀಯ ಬಾಲದಲ್ಲಿ ಕೂರುತ್ತದೆ. ಹಿಡಿತ ದುರ್ಬಲ, ಆದರೆ ನರಸಂಕೇತ ಹಾಯುವಾಗ ಆ ಜಾಗದಲ್ಲಿ ಕ್ಯಾಲ್ಸಿಯಂ ಏರುವುದರಿಂದ ಅದಕ್ಕೆ ಅರ್ಥವಿದೆ: ಆಗ ಪ್ರೋಟೀನ್ ಸಂದೇಶವಾಹಕ ಚೀಲಗಳಿಗೆ ಹೆಚ್ಚು ಅಂಟಿಕೊಳ್ಳುತ್ತದೆ. ತಾಮ್ರ ಕೂರುವುದು ಇನ್ನೊಂದು ತುದಿಯಲ್ಲಿ, ಮೊದಲ ಮೆಥಿಯೊನಿನ್ ಮತ್ತು ಎರಡನೆಯ ಆಸ್ಪಾರ್ಟೇಟ್ ಬಳಿ. 50ನೇ ಹಿಸ್ಟಿಡಿನ್‌ನಲ್ಲಿ ಕೂಡ. ಪ್ರಯೋಗಾಲಯದ ಕೊಳವೆಯಲ್ಲಿ ತಾಮ್ರ ಹಾಕಿದರೆ ಎಳೆಗಟ್ಟುವ ವೇಗ ಹೆಚ್ಚುತ್ತದೆ. 2001ರಲ್ಲೇ ಅಲ್ಯೂಮಿನಿಯಂ ಸೇರಿದಂತೆ ಹಲವು ಲೋಹಗಳಿಂದ ಇಂಥ ಫಲಿತಾಂಶ ಬಂದಿತ್ತು.

ಆದರೆ ನಮ್ಮ ದೇಹದಲ್ಲಿ ಈ ಪ್ರೋಟೀನಿನ ಮೊದಲ ತುದಿಗೆ ಅಸಿಟೈಲ್ ಗುಂಪು ಅಂಟಿಕೊಂಡಿರುತ್ತದೆ. ಆಗ ತಾಮ್ರಕ್ಕೆ ಅಷ್ಟು ಇಷ್ಟವಾದ ಆ ಮೊದಲ ಜಾಗವೇ ಮುಚ್ಚಿಹೋಗುತ್ತದೆ. ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾದಿಂದ ತಯಾರಿಸಿದ ಪ್ರೋಟೀನಿನಲ್ಲಿ ಸಾಮಾನ್ಯವಾಗಿ ಈ ಗುಂಪು ಇರುವುದಿಲ್ಲ. ಹಳೆಯ ಪ್ರಬಂಧ ಓದುವಾಗ ಮೊದಲು ನೋಡಬೇಕಾದ್ದು ಇದನ್ನೇ. ಒಂದು ಪುಟ್ಟ ಅಸಿಟೈಲ್ ಗುಂಪು ಇಡೀ ತೀರ್ಮಾನವನ್ನು ಪಲ್ಲಟ ಮಾಡುತ್ತದೆ.

ಅಲ್‌ಝೈಮರ್‌ನಲ್ಲಿ?

ಅಲ್ಲಿ ಗಂಟುಗಟ್ಟುವ ಅಮೈಲಾಯ್ಡ್ ಬೀಟಾ ಎಂಬ ಪ್ರೋಟೀನ್ ತುಂಡಿನ 6, 13, 14ನೇ ಹಿಸ್ಟಿಡಿನ್‌ಗಳು ತಾಮ್ರ, ಸತುಗಳನ್ನು ಹಿಡಿಯುತ್ತವೆ. ರೋಗಿಗಳ ಮಿದುಳಿನ ಗಂಟುಗಳಲ್ಲಿ ತಾಮ್ರ, ಸತು, ಕಬ್ಬಿಣ ಹೆಚ್ಚಾಗಿ ಸಿಕ್ಕಿವೆ. ಇಲಿಯ ಅಮೈಲಾಯ್ಡ್ ಬೀಟಾ ನಮ್ಮದಕ್ಕಿಂತ ಮೂರೇ ಕಡೆ ಬೇರೆ. ಅದರಲ್ಲೊಂದು 13ನೇ ಹಿಸ್ಟಿಡಿನ್ ಇದ್ದಲ್ಲಿ ಆರ್ಜಿನಿನ್ ಇರುವುದು. ಇಲಿಗಳಿಗೆ ಸಹಜವಾಗಿ ಈ ಗಂಟುಗಳು ಆಗುವುದಿಲ್ಲ. ಅದಕ್ಕೆ ಈ ಬದಲಾವಣೆಯೂ ಒಂದು ಕಾರಣವಿರಬಹುದು ಎಂಬ ಅನುಮಾನ ಬಹಳ ಕಾಲದಿಂದ ಇದೆ. ಈ ರೋಗದಲ್ಲಿ ಗಂಟುಗಟ್ಟುವ ಟಾವ್ ಎಂಬ ಇನ್ನೊಂದು ಪ್ರೋಟೀನಿಗೆ ಸತು ಸೇರಿದರೆ ಅದು ದ್ರವದ ಹನಿಗಳಾಗಿ ಬೇರ್ಪಡುವುದು ಸುಲಭವಾಗುತ್ತದೆ.

ಮನೆಯಲ್ಲಿ ತಾಮ್ರದ ಕೊಡದ ನೀರು ಕುಡಿಯುತ್ತೇವೆ. ಬಿಡಬೇಕೇ?

ಈ ಪ್ರೋಟೀನುಗಳ ಹೆದರಿಕೆಯಿಂದ ಬಿಡಬೇಕಾಗಿಲ್ಲ. ತಾಮ್ರ ದೇಹಕ್ಕೆ ಬೇಕಾದ ಲೋಹ. ಹೊಟ್ಟೆಗೆ ಹೋದದ್ದು ನೇರವಾಗಿ ಮಿದುಳಿನ ಪ್ರೋಟೀನಿನ ಮೇಲೆ ಕೂರುವುದಿಲ್ಲ. ಯಕೃತ್ತು ಅದನ್ನು ಲೆಕ್ಕ ಹಾಕಿ ಕಳಿಸುತ್ತದೆ, ಹೆಚ್ಚಾದದ್ದನ್ನು ಪಿತ್ತದ ಮೂಲಕ ಹೊರಹಾಕುತ್ತದೆ. ಯೀಸ್ಟ್ ಕೋಶದ ಮೇಲಿನ ಪ್ರಸಿದ್ಧ ಲೆಕ್ಕಾಚಾರದ ಪ್ರಕಾರ ಒಂದು ಕೋಶದೊಳಗೆ ಸ್ವತಂತ್ರ ತಾಮ್ರದ ಅಯಾನು ಸರಾಸರಿ ಒಂದೂ ಇರುವುದಿಲ್ಲ, ಅಷ್ಟು ಬಿಗಿ ಕಾವಲು. ವಿಲ್ಸನ್ ಕಾಯಿಲೆ ಇರುವವರಲ್ಲಿ ಈ ಕಾವಲು ಹುಟ್ಟಿನಿಂದಲೇ ತಪ್ಪಿರುತ್ತದೆ. ಅವರು ತಾಮ್ರದ ಪಾತ್ರೆಯಿಂದ ದೂರ ಇರಬೇಕು, ವೈದ್ಯರು ಹೇಳಿದಂತೆ ನಡೆಯಬೇಕು.

ಕುಡಿಯುವ ನೀರಿನಲ್ಲಿ ತಾಮ್ರಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 2 ಮಿಲಿಗ್ರಾಂ. ನೀರನ್ನು ದಿನಗಟ್ಟಲೆ ಅದರಲ್ಲೇ ಇಡಬೇಡಿ. ಅಪ್ಪೆಹುಳಿ, ಮಜ್ಜಿಗೆ, ಮುರುಗಲು ಪಾನಕವನ್ನು ಕಲಾಯಿ ಇಲ್ಲದ ತಾಮ್ರದ ಪಾತ್ರೆಯಲ್ಲಿ ಇಡಲೇಬೇಡಿ, ಹುಳಿಗೆ ತಾಮ್ರ ಕರಗುತ್ತದೆ. ಇದರಿಂದ ಆಗುವುದು ವಾಂತಿ, ಹೊಟ್ಟೆನೋವು, ಮರೆವಿನ ರೋಗವಲ್ಲ. ಅಲ್ಯೂಮಿನಿಯಂ ಪಾತ್ರೆಯಿಂದ ಅಲ್‌ಝೈಮರ್ ಬರುತ್ತದೆ ಎಂಬುದೂ ಸಾಬೀತಾಗಿಲ್ಲ.

ಬಾವಿ ನೀರು ಕೆಂಪಗಿದೆ, ಕಬ್ಬಿಣ ಇದೆಯಂತೆ. ಮ್ಯಾಂಗನೀಸ್ ಗಣಿಯ ಕಡೆಯವರಿಗೆ ಪಾರ್ಕಿನ್ಸನ್ ಬರುತ್ತದೆ ಅಂತಾರಲ್ಲ?

ನಮ್ಮದು ಜಂಬಿಟ್ಟಿಗೆ ನೆಲ, ಕಬ್ಬಿಣ ತುಂಬಿದ್ದು. ನೀರಿಗೆ ರುಚಿ ಕೆಡಬಹುದು, ಬಟ್ಟೆಗೆ ಕಲೆ ಬೀಳಬಹುದು. ಮಿದುಳಿನಲ್ಲಿ ಕಬ್ಬಿಣ ಶೇಖರವಾಗುವುದು ಬೇರೆಯೇ ವಿಷಯ, ಅದನ್ನು ನಿರ್ಧರಿಸುವುದು ಬಾವಿಯಲ್ಲ.

ಮ್ಯಾಂಗನೀಸ್ ಮಾತು ಸ್ವಲ್ಪ ಬೇರೆ. ಅದರ ಧೂಳನ್ನು ವರ್ಷಗಟ್ಟಲೆ ಉಸಿರಾಡಿದ ಕಾರ್ಮಿಕರಲ್ಲಿ ನಡಿಗೆ ತಪ್ಪುವ, ಮೈ ಬಿಗಿಯುವ ರೋಗ ಬರುವುದು 1837ರಿಂದಲೇ ದಾಖಲಾಗಿದೆ. ಆದರೆ ಅದು ಪಾರ್ಕಿನ್ಸನ್ ಅಲ್ಲ: ಮಿದುಳಿನಲ್ಲಿ ಹಾನಿಯಾಗುವ ಜಾಗ ಬೇರೆ, ಪಾರ್ಕಿನ್ಸನ್ ರೋಗಕ್ಕೆ ಕೊಡುವ ಲೆವೊಡೋಪ ಮಾತ್ರೆಗೆ ಅದು ಅಷ್ಟಾಗಿ ಬಗ್ಗುವುದಿಲ್ಲ. ಜೊಯಿಡಾ, ಯಲ್ಲಾಪುರ ಕಡೆ ಹಿಂದೆ ಗಣಿಯಲ್ಲಿ ದುಡಿದವರಿಗೆ ಇಂಥ ಲಕ್ಷಣ ಕಂಡರೆ ಆ ಕೆಲಸದ ವಿಷಯವನ್ನು ನರರೋಗ ವೈದ್ಯರಿಗೆ ತಪ್ಪದೆ ಹೇಳಿ.

ಲೋಹವನ್ನು ಹೀರಿ ತೆಗೆಯುವ ಔಷಧ ಕೊಟ್ಟರೆ ರೋಗ ನಿಲ್ಲುವುದಿಲ್ಲವೇ?

ಕೇಳಲು ಸರಿ ಅನಿಸುತ್ತದೆ. ಪರೀಕ್ಷೆಯೂ ಆಗಿದೆ. ಹೊಸದಾಗಿ ಪಾರ್ಕಿನ್ಸನ್ ಪತ್ತೆಯಾದ, ಇನ್ನೂ ಔಷಧ ಶುರು ಮಾಡದ 372 ಜನರ ಮೇಲೆ ಯುರೋಪಿನಲ್ಲಿ ನಡೆದ ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು. ಅರ್ಧ ಜನರಿಗೆ ಕಬ್ಬಿಣ ಹಿಡಿಯುವ ಡೆಫೆರಿಪ್ರೋನ್, ಉಳಿದವರಿಗೆ ಹುಸಿ ಮಾತ್ರೆ, 36 ವಾರ. ಡೆಫೆರಿಪ್ರೋನ್ ತೆಗೆದುಕೊಂಡವರ ಮಿದುಳಿನ ಕಬ್ಬಿಣ ಇಳಿಯಿತು, ರೋಗಲಕ್ಷಣ ಮಾತ್ರ ಇನ್ನೊಂದು ಗುಂಪಿಗಿಂತ ಹೆಚ್ಚು ಬಿಗಡಾಯಿಸಿತು. ಪಾರ್ಕಿನ್ಸನ್ ಆದವರ ಮಿದುಳಿನಲ್ಲಿ ಕಡಿಮೆಯಾಗುವ ಡೋಪಮಿನ್ ತಯಾರಿಸುವ ಕಿಣ್ವಕ್ಕೇ ಕಬ್ಬಿಣ ಬೇಕು ಎಂಬುದು ನೆನಪಿರಲಿ. ‘ಮೈಯ ಲೋಹವಿಷ ತೆಗೆಯುತ್ತೇವೆ’ ಎಂದು ದುಡ್ಡು ಕೇಳುವವರ ಹತ್ತಿರ ನಿಮ್ಮ ಅಪ್ಪಯ್ಯನನ್ನೋ ಆಯಿಯನ್ನೋ ಕರೆದೊಯ್ಯುವ ಮೊದಲು ಇದನ್ನು ಯೋಚಿಸಿ.

ಆಲ್ಫಾಫೋಲ್ಡ್‌ನಲ್ಲಿ ಹಾಕಿದರೆ ಆಕಾರ ಸಿಗುವುದಿಲ್ಲವೇ?

ಆಲ್ಫಾಫೋಲ್ಡ್ ಅಂದರೆ ಅಮೈನೊ ಆಮ್ಲಗಳ ಕ್ರಮದಿಂದ ಪ್ರೋಟೀನಿನ ಆಕಾರ ಊಹಿಸುವ ಕಂಪ್ಯೂಟರ್ ಕಾರ್ಯಕ್ರಮ. ಚಿತ್ರ ಸಿಗುತ್ತದೆ. ಆಕಾರ ಹಿಡಿಯದ ಭಾಗಗಳು ನೂಡಲ್ಸಿನಂತೆ ಹರಡಿ, ಕಡಿಮೆ ವಿಶ್ವಾಸದ ಬಣ್ಣದಲ್ಲಿ ಬರುತ್ತವೆ. ಆ ಬಣ್ಣವೇ ಮಾಹಿತಿ. ನೂಡಲ್ಸಿನ ಭಂಗಿಯನ್ನು ನಂಬಬೇಡಿ. 2024ರ ಮೂರನೇ ಆವೃತ್ತಿಯಲ್ಲಿ ಅಯಾನುಗಳನ್ನು ಸೇರಿಸಬಹುದು. ಆದರೂ ಓಲಾಡುವ ಸರಪಳಿಗೆ ಒಂದು ಚಿತ್ರ ಸಾಲದು.

ಪ್ರಯೋಗ ಮಾಡುವಾಗ ಏನು ಎಚ್ಚರ ಬೇಕು?

ಬಫರ್, ಅಂದರೆ ಪಿಎಚ್ ಬದಲಾಗದಂತೆ ಹಿಡಿದಿಡುವ ದ್ರಾವಣ, ಯಾವುದೆಂದು ನೋಡಿಕೊಳ್ಳಿ. ಫಾಸ್ಫೇಟ್ ಬಫರಿನಲ್ಲಿ ಕ್ಯಾಲ್ಸಿಯಂ, ಸತು ಹಾಕಿದರೆ ಗಷ್ಟು ಕೂರುತ್ತದೆ; ಅದನ್ನೇ ಪ್ರೋಟೀನ್ ಗಂಟುಗಟ್ಟಿತು ಎಂದು ಬರೆದುಬಿಡುವ ಅಪಾಯವಿದೆ. ಟ್ರಿಸ್ ಎಂಬ ಬಫರ್ ತಾಮ್ರವನ್ನು ತಾನೇ ಹಿಡಿಯುತ್ತದೆ. ಶುದ್ಧೀಕರಣಕ್ಕೆ ಹಾಕಿದ ಇಡಿಟಿಎ (ಲೋಹವನ್ನು ಬಿಗಿಯಾಗಿ ಹಿಡಿಯುವ ರಾಸಾಯನಿಕ) ಉಳಿದಿದ್ದರೆ ಲೋಹ ಪ್ರೋಟೀನನ್ನು ಮುಟ್ಟುವುದೇ ಇಲ್ಲ. ಸಿಸ್ಟೀನ್ ಕೆಡದಂತೆ ಹಾಕುವ ಡಿಟಿಟಿ ಸತುವನ್ನು ಹಿಡಿಯುತ್ತದೆ, ತಾಮ್ರದ ಆವೇಶವನ್ನೇ ಬದಲಿಸುತ್ತದೆ. ಆರು ಹಿಸ್ಟಿಡಿನ್‌ಗಳ ಟ್ಯಾಗನ್ನು (ಶುದ್ಧೀಕರಣಕ್ಕೆಂದು ಪ್ರೋಟೀನಿನ ತುದಿಗೆ ಸೇರಿಸಿದ ತುಂಡು) ಕತ್ತರಿಸದೆ ತಾಮ್ರ, ಸತು, ನಿಕ್ಕಲ್ ಪ್ರಯೋಗ ಮಾಡಿದರೆ ಅಳೆದದ್ದು ಟ್ಯಾಗಿನ ಹಿಡಿತವನ್ನೇ.

ವೃತ್ತಧ್ರುವೀಯ ವರ್ಣಪಟಲದಲ್ಲಿ (ಸರಪಳಿಯ ಮಡಿಕೆಯ ಬಗೆಯನ್ನು ಬೆಳಕಿನಿಂದ ಅಳೆಯುವ ವಿಧಾನ) ಆಕಾರವಿಲ್ಲದ ಸರಪಳಿ 200 ನ್ಯಾನೊಮೀಟರ್ ಹತ್ತಿರ ತಗ್ಗು ತೋರಿಸುತ್ತದೆ, ಆಲ್ಫಾ ಸುರುಳಿ 208 ಮತ್ತು 222ರಲ್ಲಿ, ಬೀಟಾ ಹಾಳೆ 218ರ ಸುತ್ತ. ಎನ್‌ಎಂಆರ್‌ನಲ್ಲಿ (ಕಾಂತಕ್ಷೇತ್ರದಲ್ಲಿ ಪರಮಾಣುಗಳ ಸಂಕೇತ ಓದುವ ವಿಧಾನ) ಎರಡು ಆವೇಶದ ತಾಮ್ರ ಹತ್ತಿರದ ಸಂಕೇತಗಳನ್ನು ಅಳಿಸಿಹಾಕುತ್ತದೆ. ಯಾವುದು ಅಳಿಯಿತು ಎಂಬುದರಿಂದಲೇ ಅದು ಕೂತ ಜಾಗ ತಿಳಿಯುತ್ತದೆ.

ಕಾರವಾರದಲ್ಲೋ ಶಿರಸಿಯಲ್ಲೋ ಕೂತು, ದೊಡ್ಡ ಯಂತ್ರಗಳಿಲ್ಲದೆ ಏನಾದರೂ ಮಾಡಬಹುದೇ?

ಮಾಡಬಹುದು, ಹಾಲಿನಿಂದಲೇ. ಕೆನೆ ತೆಗೆದ ಹಾಲನ್ನು ನೀರಿನಲ್ಲಿ ತೆಳು ಮಾಡಿ. ಕೊಬ್ಬು ಉಳಿದಿದ್ದರೆ ಅದರ ಹನಿಗಳೇ ಬೆಳಕನ್ನು ಚದುರಿಸಿ ಗೊಂದಲ ಮಾಡುತ್ತವೆ, ಹಾಗಾಗಿ ಸೆಂಟ್ರಿಫ್ಯೂಜ್ ಇದ್ದರೆ ಒಮ್ಮೆ ತಿರುಗಿಸಿ ಮೇಲಿನ ಪದರ ತೆಗೆದುಬಿಡಿ. ಇಡಿಟಿಎ ದ್ರಾವಣವನ್ನು ಮೊದಲೇ ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಪಿಎಚ್ 8ರ ಹತ್ತಿರ ತಂದಿಟ್ಟುಕೊಳ್ಳಿ. ಇಲ್ಲದಿದ್ದರೆ ಆಮ್ಲದಿಂದಾದ ಬದಲಾವಣೆ ಯಾವುದು, ಕ್ಯಾಲ್ಸಿಯಂ ಹೋದದ್ದರಿಂದ ಆದದ್ದು ಯಾವುದು ಎಂದು ಬೇರ್ಪಡಿಸಲಾಗದು. ಈಗ ಹನಿ ಹನಿಯಾಗಿ ಸೇರಿಸುತ್ತಾ ಕಲರಿಮೀಟರಿನಲ್ಲಿ ಅಳೆಯಿರಿ. ಬಿಳಿ ದ್ರವ ತೆಳುವಾಗಿ, ಕೊನೆಗೆ ಕೊಳವೆಯ ಹಿಂದೆ ಹಿಡಿದ ಅಕ್ಷರ ಓದುವಷ್ಟು ತಿಳಿಯಾಗುತ್ತದೆ. ಪ್ರೋಟೀನ್ ಅಲ್ಲೇ ಇದೆ; ಉಂಡೆ ಬಿಚ್ಚಿದೆ, ಅಷ್ಟೇ.

ಇಡಿಟಿಎ ಬದಲು ಸೋಡಿಯಂ ಸಿಟ್ರೇಟ್ ಹಾಕಿ ಹೋಲಿಸಿ. ತಿಳಿಯಾದದ್ದಕ್ಕೆ ಕ್ಯಾಲ್ಸಿಯಂ ಕ್ಲೋರೈಡ್ ಮರಳಿ ಸೇರಿಸಿದರೆ ಮತ್ತೆ ಮಂಜಾಗುತ್ತದೆ, ಆದರೆ ಹಸು ಕಟ್ಟಿದ್ದ ಉಂಡೆಯೇ ಮರಳಿ ಬರುವುದಿಲ್ಲ. ಕ್ಯಾಲ್ಸಿಯಂ ಬದಲು ಮೆಗ್ನೀಸಿಯಂ ಸೇರಿಸಿ ನೋಡಿ, ಉಪ್ಪಿನ ಪ್ರಮಾಣ ಬದಲಿಸಿ ನೋಡಿ. ಪ್ರತಿ ಸಲವೂ ಪ್ರೋಟೀನ್ ಇಲ್ಲದ ಒಂದು ಕೊಳವೆಯನ್ನು ಪಕ್ಕದಲ್ಲಿ ಇಟ್ಟಿರಿ.